ಹಾಸಿನ ಬೀದಿಯಲ್ಲಿ ಮೋಟಾರು

ನನ್ನ ಗಂಡ ಮಗ್ಗ ಬಿಟ್ಟು ಮೋಟಾರು ಹಿಡಿದವರು. ನಮ್ಮ ನೇಕಾರರಲ್ಲಿ ಅದಕ್ಕೆ ಮುಂಚೆ ಯಾರೂ ಅಂಥ ಕೆಲಸಕ್ಕೆ ಕೈ ಹಾಕಿರಲಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ವ್ಯಾಪಾರದ ಸಾವುಕಾರರೊಬ್ಬರು ಮದರಾಸಿನಿಂದ ಹಳೆಯ ಕಾರೊಂದನ್ನು ತರಿಸಿದಾಗ, ಅದರ ಜೊತೆ ಬಂದಿದ್ದ ಡ್ರೈವರನ ಹಿಂದೆ ಮುಂದೆ ಸುತ್ತಿ ಇವರು ಓಡಿಸುವುದನ್ನು ಕಲಿತರು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ನನ್ನ ಅಪ್ಪನಿಗೆ ಇದು ತಿಳಿದದ್ದು ನಮ್ಮ ಮದುವೆಯಾದ ಮೇಲೆ. ಅಂದಿನಿಂದ ಅಪ್ಪ ಅಳಿಯನ ಜೊತೆ ಮಾತು ಬಿಟ್ಟ. ಏನು ಕೇಳಬೇಕಾದರೂ ನನ್ನನ್ನೇ ಕೇಳುತ್ತಿದ್ದ, ಇವರು ಎದುರಿಗೆ ಕೂತಿದ್ದರೂ ಸರಿಯೆ. ಇಬ್ಬರನ್ನೂ ಹೇಗಾದರೂ ಒಂದು ಮಾಡಬೇಕೆಂಬುದು ಒಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಆ ಕಾರಿಗೊಂದು ರೋಗವಿತ್ತು. ಓಡುವಾಗ ಗುಡುಗುಡು ಎಂದುಕೊಂಡು ಸಾಧುವಾಗಿಯೇ ಇರುತ್ತಿತ್ತು. ನಿಲ್ಲಿಸಲು ಬ್ರೇಕು ಒತ್ತಿದರೆ ಮಾತ್ರ ಕೊರಳು ಹಿಸುಕಿದ ಹಾಗೆ ಕಿರುಚುತ್ತಿತ್ತು. ಕುದಾಪುರದ ಹತ್ತಿರ ದನ ಮೇಯುವ ಕಾವಲಿನಲ್ಲಿ ಸರ್ಕಾರದ ದನಗಳು ಅಡ್ಡ ಬಂದರೆ ಇವರು ನಿಲ್ಲಿಸಲೇಬೇಕು. ನಿಲ್ಲಿಸಿದರೆ ಆ ಸದ್ದಿಗೆ ದನಗಳು ಬಾಲ ಎತ್ತಿ ದಿಕ್ಕಾಪಾಲು. ಕಾಯುವವರು ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಎಣ್ಣೆಯ ಜೊತೆಗೆ ಸಾವುಕಾರರು ಮಾರುತ್ತಿದ್ದ ಸೀರೆ ತರಲು ಇವರು ಆಗಾಗ ಮೊಳಕಾಲ್ಮುರಿಗೆ ಹೋಗುತ್ತಿದ್ದರಲ್ಲ, ನನ್ನ ತವರಿನ ಬೀದಿಯವರು ಆ ಕಾರಿಗೆ ಹಂದಿ ಕೊಯ್ಯೋ ಗಾಡಿ ಎಂದು ಹೆಸರಿಟ್ಟಿದ್ದರು. ಚಳ್ಳಕೆರೆ ಸಂತೆಗೆ ಬಂದ ತವರಿನ ನೆರೆಮನೆಯಾಕೆ ಅದನ್ನು ನನ್ನೆದುರಿಗೇ ನಕ್ಕು ಹೇಳಿದಳು. ಇಂಥದ್ದನ್ನು ತಂದು ಒಪ್ಪಿಸುವುದರಲ್ಲಿ ಅವಳಿಗೇನು ಸುಖವೋ. ನನಗೆ ಮುಖ ಎತ್ತಲಾಗಲಿಲ್ಲ.

ಗೌರಿ ಹಬ್ಬಕ್ಕೆ ತವರಿಗೆ ಕರೆ ಬಂತು. ಸಾವುಕಾರರು ದೊಡ್ಡ ಮನಸ್ಸು ಮಾಡಿ, ಸೀರೆ ತರುವುದಿದೆ, ಹೆಂಡತಿಯನ್ನೂ ಕೂರಿಸಿಕೊಂಡು ಹೋಗು ಎಂದರು. ನಾನು ಗಂಡನಿಗೆ ಹೇಳಿಬಿಟ್ಟೆ, ಆ ಕಿರುಚಾಟ ನಿಲ್ಲದೆ ನಾನು ಕಾರು ಹತ್ತುವವಳಲ್ಲ ಎಂದು.

ಪಾಪ, ಅವರು ಪ್ರಯತ್ನಪಡದೆ ಇರಲಿಲ್ಲ. ದಾರಿಯ ಧೂಳು ಕೂತಿದೆ ಎಂದು ಹಿಂದಿನ ಗಾಲಿಗಳಿಗೆ ನೀರು ಹೊಯ್ದರು. ಒದ್ದೆ ಇರುವಷ್ಟು ಹೊತ್ತು ಸುಮ್ಮನಿದ್ದು, ಒಣಗಿದ ಮೇಲೆ ಮತ್ತೆ ಅದೇ ರಾಗ. ಬ್ರೇಕಿನ ಪಟ್ಟಿ ಬಿಗಿಯಾಗಿದೆ ಎಂದು ಸಡಿಲ ಮಾಡಿದರು. ಸದ್ದು ಸ್ವಲ್ಪ ತಡವಾಗಿ ಬಂತು, ಅಷ್ಟೆ. ಗಾಲಿ ಬಿಚ್ಚಿ ಒಳಗೆ ನೋಡಬೇಕು ಅನ್ನುವಷ್ಟರಲ್ಲಿ ಸಾವುಕಾರರೇ ಬಂದರು.

ಚಳ್ಳಕೆರೆ ಗಾಣದ ಊರು. ಗಾಡಿಯ ಅಚ್ಚು ಕಿರುಗುಟ್ಟಲಿ, ಬಾವಿಯ ರಾಟೆ ಕಿರುಗುಟ್ಟಲಿ, ಬಾಗಿಲ ಕೀಲು ಕಿರುಗುಟ್ಟಲಿ, ಅಲ್ಲಿಯವರು ಯೋಚನೆ ಮಾಡುತ್ತಾ ಕೂರುವುದಿಲ್ಲ, ಎಣ್ಣೆ ಬಿಡುತ್ತಾರೆ. ಎಣ್ಣೆ ಮಾರುವವನ ಗಾಡಿ ಕಿರುಚಿದರೆ ಜನ ಏನಂದಾರು ಎಂದು ಸಾವುಕಾರರು ಹರಳೆಣ್ಣೆಯ ಗಿಂಡಿಯನ್ನೇ ತರಿಸಿದರು. ಇವರು ಅನುಮಾನದಿಂದ ತಲೆ ಕೆರೆದುಕೊಂಡರು. ಧಣಿಯ ಮಾತು, ಬೇಡ ಅನ್ನುವಂತಿಲ್ಲ. ಗಾಲಿಯ ಸಂದಿಗೆ ಧಾರಾಳವಾಗಿ ಎಣ್ಣೆ ಹೊಯ್ದದ್ದಾಯಿತು. ಕಾರು ಬೀದಿಯ ಕೊನೆಗೆ ಹೋಗಿ ಸದ್ದಿಲ್ಲದೆ ನಿಂತಿತು. ಕೂಡಿದ್ದ ಜನ ಭೇಷ್ ಎಂದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು.

ದಾರಿಯುದ್ದಕ್ಕೂ ಬಯಲು ನೆಲ. ಬ್ರೇಕಿಗೆ ಕೆಲಸವೇ ಇರಲಿಲ್ಲ. ಒಂದೆರಡು ಕಡೆ ಒತ್ತಿ ನೋಡಿ, ಕಾಲಿಗೆ ಮೆತ್ತಗೆ ಸಿಗುತ್ತಿದೆ, ಹಿಡಿತ ಸಾಲದು ಎಂದು ಇವರು ಗೊಣಗಿದರು. ಸದ್ದಿಲ್ಲವಲ್ಲ, ಅದನ್ನು ನೋಡಿ ಎಂದು ನಾನು ಬಾಯಿ ಮುಚ್ಚಿಸಿದೆ. ಹೊಸ ಸೀರೆ, ತಲೆ ತುಂಬ ಹೂವು, ಮಡಿಲಲ್ಲಿ ಬಾಗಿನದ ಮೊರ. ಅಪ್ಪ ಜಗಲಿಯಿಂದ ಎದ್ದು ಬಂದು ಕಾರು ಮುಟ್ಟಿ ನೋಡುತ್ತಾನೆ, ಬಾರಪ್ಪಾ ಎಂದು ಇವರನ್ನು ಕರೆಯುತ್ತಾನೆ ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ.

ನಮ್ಮ ಬೀದಿಯ ವಿಷಯ ಇಲ್ಲಿ ಹೇಳಬೇಕು. ಸೀರೆಯ ಉದ್ದಕ್ಕೆ ಹೋಗುವ ರೇಷ್ಮೆ ಎಳೆಗಳಿಗೆ ಹಾಸು ಅನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಬೀದಿಯಲ್ಲೇ ಕವೆಗೋಲುಗಳ ಮೇಲೆ ಉದ್ದಕ್ಕೆ ಎಳೆದು ಕಟ್ಟಿ, ಹರಿದ ಎಳೆ ಹುಡುಕಿ ಗಂಟು ಹಾಕುತ್ತೇವೆ. ಗಾಡಿಯವರು ಯಾರೇ ಆಗಲಿ ಬೀದಿಗೆ ಇಳಿಯುವ ಇಳಿಜಾರಿನ ಮೇಲೆಯೇ ನಿಂತು, ಹಾಸು ಎತ್ರೀ ಎಂದು ಕೂಗಬೇಕು. ನಾವು ಹಾಸು ಸರಿಸಿ ದಾರಿ ಬಿಡುತ್ತೇವೆ. ನಮ್ಮ ಕಾರು ಹಾಗೆ ಕೂಗಬೇಕಾಗಿಯೇ ಇರಲಿಲ್ಲ. ಇಳಿಜಾರಿನಲ್ಲಿ ಅದು ಕಿರುಚಿತೆಂದರೆ ಬೀದಿಯವರು ನಗುತ್ತಾ ಬೈಯುತ್ತಾ ಎದ್ದು ಹಾಸು ಎತ್ತುತ್ತಿದ್ದರು. ಇದು ನನಗೂ ಆಮೇಲೆ ತಿಳಿದದ್ದು.

ಇಳಿಜಾರಿನ ಮೇಲೆ ಇವರು ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ. ಕೈಬ್ರೇಕು ಎಳೆದರು, ಅದೂ ಅದೇ ಪಟ್ಟಿಯನ್ನು ಹಿಡಿಯುವಂಥದ್ದು. ರಬ್ಬರಿನ ಹಾರ್ನು ಒತ್ತುತ್ತಾ ಬರುವಷ್ಟರಲ್ಲಿ ಬೀದಿಯವರು ದಿಗಿಲುಬಿದ್ದು ಗೋಡೆಗೆ ಒತ್ತಿಕೊಂಡರು. ಹಾಸು ಎತ್ತಲು ಯಾರಿಗೂ ಹೊತ್ತು ಸಿಗಲಿಲ್ಲ. ಬೀದಿಗೆ ಕಟ್ಟಿದ್ದ ಮೊದಲ ಹಾಸು ನಮ್ಮ ಅಪ್ಪನದು. ಕವೆಗೋಲು ಮುರಿದ ಸದ್ದು ಕೇಳಿತು. ಎಳೆಗಳು ಕಾರಿನ ಮೂತಿಗೆ, ಗಾಲಿಗೆ ಸುತ್ತಿಕೊಂಡವು. ಕಲ್ಲಿನ ರಾಶಿಯೊಂದಕ್ಕೆ ಗುದ್ದಿ ಕಾರು ನಿಂತಿತು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ.

ಅದು ಮದುವೆ ಮನೆಯವರು ಹೇಳಿ ನೇಯಿಸುತ್ತಿದ್ದ ಸೀರೆಯ ಹಾಸು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಹಗುರವಾಗುತ್ತಿದ್ದೆ. ನಾನು ಕೆಳಗಿಳಿದು ಗಾಲಿಗೆ ಸಿಕ್ಕಿದ್ದ ಎಳೆಗಳನ್ನು ಬಿಡಿಸಲು ಕೈ ಹಾಕಿದೆ. ಅವು ತುಂಡಾಗಿ ಕೈಗೆ ಬಂದವು.

ಹಾಸು ಹರಿದರೆ ನಮ್ಮ ಬೀದಿಯಲ್ಲಿ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ಕೈ ಖಾಲಿ ಇದ್ದವರೆಲ್ಲ ಬಂದು ಎರಡೂ ಬದಿಗೆ ಕೂತು ಎಳೆ ಎಳೆಯಾಗಿ ಗಂಟು ಹಾಕುತ್ತಾರೆ. ಹುಡುಗಿಯಾಗಿದ್ದಾಗ ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಂದೂ ಅವ್ವನ ಪಕ್ಕದಲ್ಲಿ ಕೂತು ಎಳೆಗೆ ಕೈ ನೀಡಿದೆ.

"ವದ್ದಮ್ಮಾ," ಎಂದ ಅಪ್ಪ. ಬೀದಿಯಲ್ಲಿ ಕನ್ನಡ, ಮನೆಯೊಳಗೆ ತೆಲುಗು ಆಡುವ ಅಪ್ಪ, ಬೇಡಮ್ಮಾ ಎಂದು ಬೀದಿಯಲ್ಲೇ ಮನೆಯ ಮಾತಿನಲ್ಲಿ ಹೇಳಿದ. ದನಿ ಮೆತ್ತಗಿತ್ತು. ನನ್ನ ಕೈ ನೋಡಿಕೊಂಡೆ. ಗಾಲಿಯ ಕರಿ ಎಣ್ಣೆ ಮುಂಗೈವರೆಗೂ ಮೆತ್ತಿತ್ತು. ರೇಷ್ಮೆಗೆ ತಗುಲಿದರೆ ಹೋಗದ ಕಲೆ ಅದು. ಗಂಟು ಹಾಕುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ, ನೋಡಿದರೆ ನನಗೆ ನಾಚಿಕೆಯಾದೀತೆಂದು. ಅದರಿಂದ ನನಗೆ ಇನ್ನೂ ನಾಚಿಕೆಯಾಯಿತು. ಎದ್ದು ಹೋಗಿ ಗಂಡನ ಪಕ್ಕದಲ್ಲಿ ಕೂತೆ. ಆ ಕೈಗೆ ಹೊಂದುವ ಕೆಲಸ ಅಲ್ಲೇ ಇದ್ದದ್ದು.

ಅವರು ಗಾಲಿ ಬಿಚ್ಚಿದ್ದರು. ಒಳಗೆ ಕಬ್ಬಿಣದ ಡ್ರಮ್ಮು, ಅದನ್ನು ಅಪ್ಪಿ ಹಿಡಿಯುವ ಪಟ್ಟಿ, ಪಟ್ಟಿಯ ಒಳಮೈಗೆ ಚರ್ಮ. ಚರ್ಮ ಸವೆದು ಅದನ್ನು ಹಿಡಿದಿದ್ದ ತಾಮ್ರದ ಮೊಳೆಗಳ ತಲೆ ಹೊರಗೆ ಬಂದಿತ್ತು. ಇಷ್ಟು ದಿನ ಡ್ರಮ್ಮನ್ನು ಕೆರೆದು ಕಿರುಚಿಸುತ್ತಿದ್ದವು ಆ ಮೊಳೆಗಳು. ನಾವು ಹೊಯ್ದ ಎಣ್ಣೆ ಕುಡಿದು ಉಳಿದ ಚರ್ಮವೂ ಜಾರುವ ಹಾಗಾಗಿತ್ತು.

ರೈತರೊಬ್ಬರು ಹಳೆಯ ಕಪಿಲೆಯ ಚರ್ಮ ಕೊಟ್ಟರು, ಬಾವಿಯ ನೀರು ಎತ್ತುವ ದಪ್ಪ ಚರ್ಮ. ಅಂಟವಾಳದ ನೀರಿನಲ್ಲಿ ಡ್ರಮ್ಮು ಉಜ್ಜಿ, ಬೂದಿ ಹಾಕಿ ಎಣ್ಣೆಯ ಪಸೆ ತೆಗೆದು ಒಣಗಿಸಿದೆವು. ಅಳತೆಗೆ ಚರ್ಮ ಕೊಯ್ದು, ಮೊಳೆಯ ತಲೆ ಚರ್ಮದೊಳಗೆ ಹುದುಗುವಂತೆ ಇವರು ಬಡಿದು ಕೂರಿಸಿದರು. ನಾನು ಪಟ್ಟಿ ಹಿಡಿದುಕೊಂಡೆ. ಬೀದಿಯ ಆ ಬದಿಗೆ ಅವರ ಗಂಟು, ಈ ಬದಿಗೆ ನಮ್ಮ ಮೊಳೆ, ಕತ್ತಲಾಗುವವರೆಗೆ ನಡೆಯಿತು. ಹಾಸು ಹೇಗೋ ಉಳಿಯಿತು. ಹಬ್ಬ ಹೇಗೆ ಕಳೆಯಿತೋ ನೆನಪಿಲ್ಲ.

ಹೊರಡುವ ದಿನ ಇವರು ಒಬ್ಬರೇ ಆ ಇಳಿಜಾರಿನಲ್ಲಿ ಕಾರು ಇಳಿಸಿ ನಿಲ್ಲಿಸಿ ನೋಡಿದರು. ಸದ್ದೂ ಇಲ್ಲ, ಜಾರುವುದೂ ಇಲ್ಲ. ಆಮೇಲೆ ಬೀದಿಗೆ ತಂದು ನಮ್ಮ ಮನೆಯ ಮುಂದೆ ಗೆರೆ ಎಳೆದಂತೆ ನಿಲ್ಲಿಸಿದರು. ನಾನು ಹೆಮ್ಮೆಯಿಂದ ಹೊರಗೆ ಬಂದೆ. ಬೀದಿಯಲ್ಲಿ ಒಂದು ಹಾಸೂ ಇರಲಿಲ್ಲ. ಎಲ್ಲ ಸುತ್ತಿ ಒಳಗಿಟ್ಟು, ಮಕ್ಕಳನ್ನು ಹೊಸ್ತಿಲೊಳಗೆ ಎಳೆದುಕೊಂಡು ಜನ ಬಾಗಿಲಲ್ಲಿ ನಿಂತಿದ್ದರು. ಗಂಟು ಬಿದ್ದ ಹಾಸಿನ ಸುರುಳಿಯನ್ನು ಎದೆಗೆ ಅವುಚಿಕೊಂಡು ಅಪ್ಪನೂ ಗೋಡೆಗೆ ಒರಗಿದ್ದ. ಇವರು ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಎದ್ದರು. ಅಪ್ಪ ನನ್ನ ಮುಖ ನೋಡಿದ.

"ನಿಲ್ತೈತೇನವ್ವಾ ಇದು?"

"ನಿಲ್ತೈತಪ್ಪ," ಎಂದೆ.

ಅಪ್ಪ ತಲೆಯಾಡಿಸಿದ. ಕಾರು ಬೀದಿ ದಾಟಿ ತಿರುಗುವವರೆಗೂ ಹಿಂದಿರುಗಿ ನೋಡುತ್ತಲೇ ಇದ್ದೆ. ಅಪ್ಪ ಆ ಸುರುಳಿಯನ್ನು ಕೆಳಗಿಡಲಿಲ್ಲ.