ಒಂಬತ್ತನೇ ನಂಬರಿನ ಅಂಗಿ

ನಮ್ಮ ಸೋದರಮಾವ ಫುಟ್‌ಬಾಲ್ ಕ್ಲಬ್ಬಿನ ದರ್ಜಿ. ಕ್ಲಬ್ಬಿಗೆ ನೂರು ವರ್ಷ ದಾಟಿದೆ. ಕಪಾಟಿನ ತುಂಬ ಟ್ರೋಫಿಗಳು, ಟ್ರೋಫಿಗಳ ತುಂಬ ಧೂಳು. ಹೊಸ ಆಟಗಾರ ಮಾತುಕತೆಗೆ ಬರುವ ಮೊದಲೇ ಅವನ ಹೆಸರು ಹೊಲಿದ ಅಂಗಿಯನ್ನು ಡ್ರೆಸ್ಸಿಂಗ್ ರೂಮಿನ ಗೂಟಕ್ಕೆ ತೂಗುಹಾಕುವುದು ಅಲ್ಲಿನ ಪದ್ಧತಿ. ಒಂದು ಕಾಲದಲ್ಲಿ ಅದನ್ನು ನೋಡಿ ದೊಡ್ಡ ದೊಡ್ಡ ಆಟಗಾರರು ಕಣ್ಣೊರೆಸಿಕೊಂಡು ಸಹಿ ಹಾಕಿದ್ದರಂತೆ. ಮಾವ ಹೇಳಿದ್ದು; ನಾನು ಅರ್ಧ ನಂಬುತ್ತೇನೆ.

ಈಗ ಬರುವವರು ಅಂಗಿಯ ಜೊತೆ ಫೋಟೊ ತೆಗೆಸಿಕೊಂಡು, ಕಾಫಿ ಕುಡಿದು, ಊರಾಚೆಯ ಹೊಸ ಕ್ಲಬ್ಬಿಗೆ ಸೇರುತ್ತಾರೆ. ಮಾವ ಅಂಗಿಯನ್ನು ಮನೆಗೆ ತಂದು ಅಕ್ಷರಗಳನ್ನು ಬಿಚ್ಚುತ್ತಾರೆ. ಈ ವರ್ಷ ಒಂಬತ್ತನೇ ನಂಬರಿಗೆ, ಅಂದರೆ ಗೋಲು ಹೊಡೆಯುವವನ ಜಾಗಕ್ಕೆ, ಮೂವರು ಬಂದು ಹೋಗಿದ್ದರು. ಅಂಗಿ ಮಾತ್ರ ಒಂದೇ.

"ಮೊದ್ಲು ಸಹಿ ಹಾಕ್ಲಿ, ಆಮೇಲೆ ಹೊಲೀರಿ" ಎಂದು ಅತ್ತೆ ಬಡಕೊಂಡರು.

"ಬರೋಕ್ ಮುಂಚೆ ಹೆಸ್ರಿದ್ರೇನೇ ಅವನು ನಮ್ಮೋನು ಕಣೇ."

ಹಟಮಾರಿ ಮನುಷ್ಯ! ಕಣ್ಣು ಮಂಜಾಗುತ್ತಿತ್ತು, ಕೆಲಸಕ್ಕೆ ಇದೇ ಕೊನೆಯ ವರ್ಷ. ತಾವು ಹೊಲಿದ ಒಂಬತ್ತನೇ ನಂಬರಿನ ಅಂಗಿಯನ್ನು ಮೈದಾನದಲ್ಲಿ ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ.

ನಾಲ್ಕನೆಯವನು ಬಂದ. ಅಂಗಿಯ ಬೆನ್ನಿನ ಮೇಲೆ ಬೆರಳಾಡಿಸಿ, "ಇದೇನು ತೂತು?" ಎಂದ.

ಮ್ಯಾನೇಜರ್ ಕೆಮ್ಮಿದರು. ಮಾವನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ನಿನಗಿಂತ ಮುಂಚೆ ಬಂದೋರ ಹೆಸರಪ್ಪ. ಬಿಚ್ಚಿದೀನಿ."

ಅವನು ಅಂಗಿಯನ್ನು ಗೂಟಕ್ಕೆ ವಾಪಸ್ ಹಾಕಿದ. ಕಾಫಿಯನ್ನೂ ಮುಟ್ಟಲಿಲ್ಲ.

ಆ ಸಂಜೆ ಮಾವನನ್ನು ಕರೆತರಲು ನಾನು ಹೋದಾಗ, ಈ ಸಲ ಅಂಗಿಯನ್ನು ಮನೆಗೂ ತರದೆ ಕ್ಲಬ್ಬಿನ ಮೆಟ್ಟಿಲ ಕೆಳಗಿನ ಹೊಲಿಗೆ ಕೋಣೆಯಲ್ಲೇ ಕೂತು ಹೆಸರು ಬಿಚ್ಚುತ್ತಿದ್ದರು. ಮುಖ ಬಾಡಿತ್ತು. ಬಾಗಿಲಲ್ಲಿ ಬೆಂಚಪ್ಪ ಬಂದು ನಿಂತ. ವರ್ಷಗಟ್ಟಲೆ ಬದಲಿ ಆಟಗಾರನಾಗಿ ಬೆಂಚಿನ ಮೇಲೇ ಕೂತವನಿಗೆ ಎಲ್ಲರೂ ಇಟ್ಟ ಹೆಸರದು. ಬದಲಿಯವರ ಅಂಗಿಗೆ ನಂಬರಿರುತ್ತದೆ, ಹೆಸರು ಹೊಲಿಯುವ ರೂಢಿ ಇಲ್ಲ.

"ಮಾಸ್ಟ್ರೇ, ಭಾನುವಾರ ಒಂಬತ್ತು ನಾನೇ ಅಂತೆ. ಬೇರೆ ಯಾರೂ ಸಿಗ್ಲಿಲ್ವಂತೆ" ಎಂದು ನಕ್ಕ.

ಮಾವ ಅಂಗಿಯನ್ನು ತಿರುಗಿಸಿ ತೋರಿಸಿದರು. "ಜರಡಿ ಆಗಿದೆ ನೋಡಪ್ಪ. ನಿನ್ನ ನಿಜವಾದ ಹೆಸ್ರು ಚಿಕ್ಕದು, ತೂತೆಲ್ಲ ಮುಚ್ಚಲ್ಲ."

"ಕಾಣ್ಲಿ ಬಿಡಿ. ನಾನೇನು ನೋಡ್ಕೊಂಡು ಹೋಗೋಕೆ ಬಂದೋನಾ?"

ಮಾವ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡರು. ಆಮೇಲೆ ಸೂಜಿ ನನ್ನ ಕೈಗೆ ಕೊಟ್ಟರು. "ದಾರ ಪೋಣಿಸೇ. ಎರಡೆಳೆ ಹಾಕು. ಇಷ್ಟು ದಿನ ಬಿಚ್ಚೋಕೆ ಸುಲಭ ಆಗ್ಲಿ ಅಂತ ಒಂಟಿ ಎಳೇಲಿ ಹೊಲೀತಿದ್ದೆ."

ನನಗೆ ಅಳು ಬಂತು. ಹಟಮಾರಿ ಅಂದುಕೊಂಡಿದ್ದವರು ಒಳಗೊಳಗೇ ಆಸೆ ಬಿಟ್ಟಿದ್ದರು.

ಭಾನುವಾರ ನಾವು ಸೋತೆವು. ಬೆಂಚಪ್ಪ ಗೋಲು ಹೊಡೆಯಲಿಲ್ಲ, ಬಿದ್ದಿದ್ದೇ ಹೆಚ್ಚು. ಸುತ್ತಲಿನವರು ಅವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಾವ ನನ್ನ ಕೈ ಹಿಡಿದುಕೊಂಡು, "ಅಷ್ಟು ದೂರ ಕಾಣ್ತಿಲ್ಲ ಕಣೇ. ಹೊಲಿಗೆ ಎಲ್ಲಾದ್ರೂ ಬಿಟ್ಕೊಂಡಿದೆಯಾ ನೋಡು" ಎಂದರು.

"ಒಂದೂ ಬಿಟ್ಟಿಲ್ಲ ಮಾವ."