ಬನ್ನಿ ಕೊಟ್ಟು ಬಾಗಿದ ಸಂಜೆ

ಜಹೀರಾಬಾದಿನ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ನನಗೆ ‘ಒಬೇಸನ್ಸ್’ ಎಂಬ ಪದ ಹೊಸದಲ್ಲ. ದೊಡ್ಡವರ ಮುಂದೆ ಬಾಗಿ ಗೌರವ ತೋರಿಸುವುದು ಎಂದು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಹುಟ್ಟಿದ್ದೆಲ್ಲಿ ಎಂದು ನಿಘಂಟಿನಲ್ಲಿ ಹುಡುಕಿದ್ದು ಮಾತ್ರ ಈ ಮಳೆಗಾಲದಲ್ಲಿ, ಒಬ್ಬ ವಿದ್ಯಾರ್ಥಿನಿ ಕೇಳಿದ ಮೇಲೆ. ಹಳೆಯ ಫ್ರೆಂಚಿನಲ್ಲಿ ಅದರರ್ಥ ಬರೀ ವಿಧೇಯತೆ. ಬಾಗುವ ಅರ್ಥ ಆಮೇಲೆ ಅಂಟಿಕೊಂಡದ್ದು. ಇನ್ನೂ ಹಿಂದಕ್ಕೆ, ಲ್ಯಾಟಿನ್ನಿಗೆ ಹೋದರೆ ಅಲ್ಲಿ ಬೆನ್ನೂ ಇಲ್ಲ, ಮೊಣಕಾಲೂ ಇಲ್ಲ. ಕಿವಿ ಇದೆ. ಎದುರಿಗಿರುವವರಿಗೆ ಕಿವಿಗೊಡುವುದು. ತರಗತಿಯಲ್ಲಿ ಇದನ್ನು ಹೇಳುತ್ತಿರುವಾಗಲೇ ದೊಡ್ಡವ್ವ ನೆನಪಾದಳು.

ದೊಡ್ಡವ್ವ ನನ್ನ ತಂದೆಯ ಅಣ್ಣನ ಹೆಂಡತಿ. ಮೊಗುಡಂಪಲ್ಲಿ ಹತ್ತಿರದ ನಮ್ಮ ಊರಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲು ಮುಟ್ಟುವುದು ನಮ್ಮ ಪದ್ಧತಿ. ಒಂದು ಮನೆ ತಪ್ಪಿದರೂ ವರ್ಷವಿಡೀ ಮಾತು ಕೇಳಬೇಕು. ಇನ್ನೊಂದು ಪದ್ಧತಿಯೂ ಇದೆ: ಹಿರಿಯರು ಏನೇ ಹೇಳಲಿ ‘ಹೂಂರಿ’ ಅನ್ನುವುದು. ಏನಂದಿರಿ ಎಂದು ತಿರುಗಿ ಕೇಳಿದರೆ ಮರ್ಯಾದೆ ಇಲ್ಲದವನು ಅನ್ನುತ್ತಾರೆ.

ಹೋದ ವರ್ಷದ ದಸರೆಗೆ ಅವಳ ಮನೆ ತಲುಪಿದಾಗ ಕತ್ತಲಾಗುತ್ತಿತ್ತು.

“ಬಂದೇನಪ್ಪಾ? ಎಲಿ ಕೊಟ್ಟು ಓಡಾವ ನೀ. ಪೋಸ್ಟಿನವ ಸುದ್ದಾ ಚಾ ಕುಡದು ಹೋಗ್ತಾನ.”

ನಕ್ಕು ಬಾಗಿದೆ. ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಅವಳು ಏನೋ ಹೇಳಿದಳು. ಹೊರಗೆ ತಮ್ಮಂದಿರು ಅವಸರ ಮಾಡುತ್ತಿದ್ದರು.

“ಹೂಂರಿ ದೊಡ್ಡವ್ವ, ಹೂಂರಿ” ಎಂದು ಎದ್ದು ಬಂದೆ.

ಬೀದರ ಕಡೆಯ ಹಳ್ಳಿಯೊಂದರಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ದಸರೆ ಕಳೆದು ನಾಲ್ಕು ದಿನಕ್ಕೆ ಆಕೆ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದಾಗ ದೊಡ್ಡವ್ವನ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು.

“ನಾಳಿ ನಿನ್ನ ಕಾರಿನಾಗ ಅಕ್ಕನ ಬಲ್ಲಿ ಕರಕೊಂಡು ಹೋಗು ಅಂತ ಅತ್ತಿಯವರು ನಿಮಗ ಹೇಳಿದ್ರಂತಲ್ರಿ. ನೀವು ಹೂಂ ಅಂದ್ರಂತ. ಮುಂಜಾನಿ ಹೊಸ ಸೀರಿ ಉಟ್ಕೊಂಡು ಕಟ್ಟಿ ಮ್ಯಾಲ ಕುಂತವರು ಹೊತ್ತು ಮುಳುಗಾತನ ಎದ್ದಿಲ್ಲ. ಬಸ್ಸಿಗೆ ಹೋಗೂಣ್ರಿ ಅಂದೆ, ಒಲ್ಲೆ ಅಂದ್ರು. ಫೋನ್ ಹಚ್ಚಲೇನ್ರಿ ಅಂದ್ರ, ಬ್ಯಾಡ, ಹೂಂ ಅಂದಾನ, ಬರ್ತಾನ ಅಂದ್ರು.”

ಅದರ ಮರುದಿನವೂ ಕಾದಳೇ ಎಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಮನೆಗೆ ಬಂದು ದಿನಚರಿ ತೆಗೆದೆ. ದಸರೆಯ ದಿನ ಬರೆದದ್ದು ಇಷ್ಟೇ: ‘ದೊಡ್ಡವ್ವನ ಮನೆ. ಚಹಾ ಕುಡಿಯಲಿಲ್ಲ.’ ಈಗೀಗ “ಅಕ್ಕಗ ಒಮ್ಮಿ ನೋಡಬೇಕಪ್ಪ” ಎಂದು ಅವಳು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ನಂಬುವುದಿಲ್ಲ. ಆ ಮಾತಿನಲ್ಲಿರುವುದು ಸೊಸೆಯ ದನಿ. ಆ ಸಂಜೆಯಿಂದ ನನ್ನದೆಂದು ಉಳಿದಿರುವುದು ತಲೆಯ ಮೇಲಿನ ಕೈಯ ಭಾರ ಮತ್ತು ಅವಳ ಕಾಲುಂಗುರ. ಕಿವಿಯಲ್ಲಿ ಏನೂ ಇಲ್ಲ.

ದೊಡ್ಡವ್ವ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಕಾಲು ಹಿಡಿದು ತಪ್ಪೊಪ್ಪಿಕೊಳ್ಳುತ್ತಿದ್ದೆ ಅಂದುಕೊಳ್ಳುತ್ತೇನೆ. ಅದೂ ನಿಜವೋ ಇಲ್ಲವೋ.

ಈ ದಸರೆಗೆ ಹೊತ್ತು ಇರುವಾಗಲೇ, ಎಲ್ಲರಿಗಿಂತ ಮೊದಲು, ಒಬ್ಬನೇ ಅವಳ ಮನೆಗೆ ಹೋದೆ. ಬನ್ನಿ ಕೊಟ್ಟು ಬಾಗಿದೆ. ತಲೆಯ ಮೇಲೆ ಕೈ ಬಂತು.

“ಬಂಗಾರದಂಗ ಇರು.”

ನಾನು ಏಳಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು.

“ಏನರ ಹೇಳೂದು ಅದ ಏನ್ರಿ ದೊಡ್ಡವ್ವ?”

ಕೈ ತಲೆಯಿಂದ ಸರಿಯಿತು.

“ಏನಿಲ್ಲಪ್ಪ. ಏಳು, ನಡು ಹಿಡೀತದ. ನಿನಗ ಇನ್ನಾ ಭಾಳ ಮನಿ ಅವ.”