ಸುರತ್ಕಲ್ಲಿನಿಂದ ನಡೆದು ಬಂದದ್ದು

ಕುದುರೆಯ ಬಣ್ಣ ಕಂದು ಎಂದು ಬರೆಯುತ್ತೇನೆ. ಬೂದು ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ವಾದಿಸುವುದಿಲ್ಲ. ಎಡಗಿವಿಯ ತುದಿ ಹರಿದಿತ್ತು ಎಂಬುದು ಮಾತ್ರ ಖಂಡಿತ, ಏಕೆಂದರೆ ಗಂಟೆಗಟ್ಟಲೆ ನನ್ನ ಕಣ್ಣೆದುರಿಗಿದ್ದದ್ದು ಆ ಎರಡು ಕಿವಿಗಳೇ.

ಐವತ್ತರ ದಶಕದ ಕೊನೆ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿ ಸೇರಿ ಎರಡು ವರ್ಷವಾಗಿತ್ತು. ಬೋಳಾರದಲ್ಲಿ ಒಂದು ಕೋಣೆ, ಒಂದು ಸ್ಟವ್ವು. ಸುತ್ತಲಿನವರು ತುಳುವಿನಲ್ಲೋ ಕೊಂಕಣಿಯಲ್ಲೋ ನಗುತ್ತಿದ್ದರು, ನನ್ನನ್ನು ಕಂಡ ಕೂಡಲೇ ಕನ್ನಡಕ್ಕೆ ಬದಲಾಗಿ ಗಂಭೀರರಾಗುತ್ತಿದ್ದರು. ಅದು ಮರ್ಯಾದೆ ಎಂದು ಈಗ ಗೊತ್ತು. ಆಗ ಭಾನುವಾರಗಳು ಬಹಳ ಉದ್ದವಾಗಿದ್ದವು.

ಕೋಣೆಯ ಹಿಂದಿನ ಹಿತ್ತಲಲ್ಲಿ ಒಬ್ಬ ಮುದುಕ ಬ್ಯಾರಿ ಇದ್ದ. ಮೂವತ್ತು ವರ್ಷ ಜಟ್ಕಾ ಹೊಡೆದವನು. ಬಸ್ಸು, ಟ್ಯಾಕ್ಸಿ ಹೆಚ್ಚಾಗಿ ಸವಾರಿ ಕಡಿಮೆಯಾದ ಮೇಲೆ ಗಾಡಿಯನ್ನು ಮಾರಿದ್ದ, ಕುದುರೆಯನ್ನು ಮಾರಿರಲಿಲ್ಲ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮಾತಾಡುವುದೆಲ್ಲ ಆ ಹೆಣ್ಣು ಕುದುರೆಯ ಜೊತೆ. ಅದರ ಪ್ರಾಯ ಎಷ್ಟೆಂದು ಕೇಳಿದ್ದಕ್ಕೆ ಹದಿನಾರು ಎಂದಿದ್ದ. ಮರುವರ್ಷ ಕೇಳಿದಾಗಲೂ ಹದಿನಾರು.

ಮೈಸೂರಿನಲ್ಲಿ ಓದುವಾಗ ನನ್ನ ಬಾಡಿಗೆ ಕೋಣೆ ಒಂದು ಲಾಯದ ಪಕ್ಕದಲ್ಲಿತ್ತು, ಅಲ್ಲಿ ಸವಾರಿ ಕಲಿತಿದ್ದೆ. ಮಾತಿಗೆ ಮಾತು ಬಂದು ಅದನ್ನು ಹೇಳಿದೆ.

"ಹಾಗಾದರೆ ಇದನ್ನು ಸ್ವಲ್ಪ ನಡೆಸಿ ಮಾಷ್ಟ್ರೇ," ಎಂದ. "ನಿಂತರೆ ಇದರ ಕಾಲು ಊದ್ತದೆ. ನಡೆದರೆ ನನ್ನ ಕಾಲು ಊದ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಇದ್ದು ಎಂತ ಪ್ರಯೋಜನ?"

ಎಲ್ಲಿಂದಲೋ ಒಂದು ಹಳೆಯ ಜೀನನ್ನೂ ಅವನೇ ತಂದ. ಹಾಗೆ ಶುರುವಾಯಿತು. ಊರೊಳಗೆ ಅದರ ಮೇಲೆ ಹೋಗುವುದು ಒಂದು ತಮಾಷೆ. ಹಳೆಯ ಗಿರಾಕಿಗಳ ಮನೆಯೆದುರು ತಾನಾಗಿ ನಿಲ್ಲುತ್ತಿತ್ತು. ವಕೀಲರ ಗೇಟು, ಔಷಧದ ಅಂಗಡಿ, ನಿವೃತ್ತ ನರ್ಸ್ ಬಾಯಿಯೊಬ್ಬರ ಮನೆ. ಯಾರೋ ಇಳಿದರು ಎಂದು ಅದಕ್ಕೆ ಮನವರಿಕೆಯಾಗುವಷ್ಟು ಹೊತ್ತು ಕಾಯಬೇಕು, ಆಮೇಲೆ ಹೊರಡುತ್ತಿತ್ತು. ನರ್ಸ್ ಬಾಯಿ ಬೆಲ್ಲದ ಚೂರು ಹಿಡಿದು ಬಂದು, ಕೊಂಕಣಿಯಲ್ಲಿ ಕುದುರೆಯ ಕ್ಷೇಮ ವಿಚಾರಿಸಿ, ನನಗೆ "ಗುಡ್ ಮಾರ್ನಿಂಗ್" ಎನ್ನುತ್ತಿದ್ದರು.

ನನಗೆ ಊರು ಸಾಲಲಿಲ್ಲ. ಕೂಳೂರು ಸೇತುವೆ ದಾಟಿ ಪಡುವಣಕ್ಕೆ ತಿರುಗಿದರೆ ಪಣಂಬೂರಿನ ಮರಳು. ಆಗ ಅಲ್ಲಿ ಬಂದರು ಇರಲಿಲ್ಲ, ಒಂದೂ ಕ್ರೇನ್ ಇರಲಿಲ್ಲ. ಬಡಗಣಕ್ಕೆ ಕಣ್ಣು ಹಾಯುವಷ್ಟು ದೂರ ಬಿಳಿ ಮರಳು, ಒಂದು ಬದಿಗೆ ಸಮುದ್ರ. ನೀರು ಇಳಿದಾಗ ಅಂಚಿನ ಮರಳು ಗಟ್ಟಿ, ಏರಿದಾಗ ಗೊರಸು ಹೂಳುವ ಸಡಿಲ ಮರಳಿನ ಮೇಲೇ ಹೋಗಬೇಕು. ಒಂದೊಂದು ಭಾನುವಾರ ಇನ್ನೊಂದಿಷ್ಟು ದೂರ ಹೋದೆ. ಒಂದೇ ದಿನದಲ್ಲಿ ಸುರತ್ಕಲ್ ದಾಟಿ ಮೂಲ್ಕಿಯ ಹೊಳೆಬಾಯಿ ಮುಟ್ಟಿ ತಿರುಗಿ ಬರಬೇಕೆಂಬ ಹುಚ್ಚು ಹಿಡಿಯಿತು. ಯಾರಿಗೆ ತೋರಿಸಲು? ಯಾರೂ ಇರಲಿಲ್ಲ.

ಆ ಭಾನುವಾರ ಮಾರ್ಚಿನದು. ಸೂರ್ಯ ಹುಟ್ಟುವ ಮೊದಲೇ ಹೊರಟೆ. ಮರಳಿಗೆ ಇಳಿದ ಮೇಲೆ ಕುದುರೆ ಎಲ್ಲಿಯೂ ನಿಲ್ಲಲಿಲ್ಲ. ಒಂದೇ ಹದದ ಓಟ. ಮುದಿ ಪ್ರಾಣಿಗೆ ಇಷ್ಟು ಕಸುವು ಉಂಟೆಂದು ನಾನು ಹಿಗ್ಗಿದೆ. ಗಂಟೆಗೆ ಎಷ್ಟು ಮೈಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸುರತ್ಕಲ್ಲಿನ ಬಂಡೆಗಳನ್ನು ಬಳಸಿ ಮುಂದೆ ಹೋದೆವು. ನೀರು ಏರತೊಡಗಿತ್ತು, ಸಡಿಲ ಮರಳಿಗೆ ಹತ್ತಿದೆವು. ಅಲ್ಲಿಯೂ ಅದೇ ಓಟ.

ಕುತ್ತಿಗೆಯ ಬೆವರು ಒಣಗಿ ಉಪ್ಪಾದದ್ದನ್ನು ಎಷ್ಟು ಹೊತ್ತಿಗೆ ಗಮನಿಸಿದೆನೋ ತಿಳಿಯದು. ಮುಂಗಾಲು ನಡುಗುತ್ತಿತ್ತು. ಇಳಿದೆ. ನನ್ನ ಕಾಲು ನೆಲ ಮುಟ್ಟಿದ ಕೂಡಲೇ ಅದು ನಿಂತಿತು, ತಲೆ ಇಳಿಸಿತು, ಮಂಡಿಯೂರಿ ಮಗ್ಗುಲಿಗೆ ಮಲಗಿತು.

ಆಗ ಅರ್ಥವಾಯಿತು. ಯಾರಾದರೂ ಇಳಿದರೆ ಮಾತ್ರ ಅದಕ್ಕೆ ಸವಾರಿ ಮುಗಿಯುವುದು. ಮರಳಿನ ಮೇಲೆ ಮನೆಗಳಿಲ್ಲ, ಗೇಟುಗಳಿಲ್ಲ. ನಾನು ಬೆನ್ನ ಮೇಲೆ ಕುಳಿತೇ ಇದ್ದೆ, ಅದು ಓಡುತ್ತಲೇ ಇತ್ತು.

ಹತ್ತಿರದ ಒಂದು ಗುಡಿಸಲಿಗೆ ಓಡಿ ನೀರು ಕೇಳಿದೆ. ಮೀನು ಒಣಗಿಸುತ್ತಿದ್ದ ಹೆಂಗಸು ಕೊಡಪಾನ ಹಿಡಿದು ಜೊತೆಗೆ ಬಂದಳು, ಕುದುರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದರ ಮೇಲೆ ನೀವು ಬಂದದ್ದಾ? ನಿಮ್ಮ ಮೇಲೆ ಇದು ಬರಬೇಕಿತ್ತು," ಎಂದು ತುಳುವಿನಲ್ಲಿ ಹೇಳಿದಳು. ನನಗೆ ತುಳು ಅರ್ಧ ಬರುತ್ತಿತ್ತು, ಈ ಮಾತು ಪೂರ್ತಿ ತಿಳಿಯಿತು. ಇಬ್ಬರೂ ಸೇರಿ ನೀರು ಹನಿಸಿದೆವು. ನನ್ನ ಅಂಗಿಯನ್ನು ಒದ್ದೆ ಮಾಡಿ ಅದರ ತಲೆಗೆ ಹೊದಿಸಿದೆ. ಇದು ಇಲ್ಲೇ ಸತ್ತರೆ ಬೋಳಾರಕ್ಕೆ ಹೋಗಿ ಆ ಮುದುಕನಿಗೆ ಏನು ಹೇಳುವುದು? ಬೇರೆ ಯೋಚನೆ ಇರಲಿಲ್ಲ.

ಹೊತ್ತು ಇಳಿಯತೊಡಗಿದಾಗ ಎದ್ದಿತು. ಜೀನನ್ನು ಬಿಚ್ಚಿ ನನ್ನ ಹೆಗಲಿಗೆ ಹಾಕಿಕೊಂಡೆ. ಹೆದ್ದಾರಿಯ ಬದಿಯ ನೆರಳು ಹಿಡಿದು, ಆಗಾಗ ನಿಂತು, ನಡೆದೆವು. ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ನೋಡಿದರು. ಕೂಳೂರು ಸೇತುವೆಯ ಮೇಲೆ ಅದು ನನ್ನ ಭುಜಕ್ಕೆ ತಲೆ ಒರಗಿಸಿತು ಎಂದು ನೆನಪು. ಇದನ್ನು ನಾನು ನಂಬುವುದಿಲ್ಲ. ನನಗೆ ಬೇಕಾಗಿದ್ದನ್ನು ನೆನಪು ಒದಗಿಸಿರಬೇಕು.

ಬೋಳಾರ ತಲುಪುವಾಗ ಮಸೀದಿಯಲ್ಲಿ ರಾತ್ರಿಯ ಬಾಂಗ್ ಆಗಿ ಬಹಳ ಹೊತ್ತಾಗಿತ್ತು. ಹಿತ್ತಲ ಬಾಗಿಲಲ್ಲಿ ಮುದುಕ, ಅವನ ಜೊತೆ ಇನ್ನೂ ಗಾಡಿ ಹೊಡೆಯುತ್ತಿದ್ದ ಇಬ್ಬರು ಜಟ್ಕಾದವರು. ಮುದುಕ ಬಗ್ಗಿದ. ಕುದುರೆಯ ಕಾಲುಗಳನ್ನು ಒಂದೊಂದಾಗಿ ಸವರಿದ, ಕಿವಿಯ ಬುಡಕ್ಕೆ ಕೈ ಇಟ್ಟು ಬಿಸಿ ನೋಡಿದ.

"ಎಲ್ಲಿಯೂ ಇಳಿಯಲಿಲ್ಲವಾ ಇವರು?" ಎಂದು ಜಟ್ಕಾದವರಲ್ಲೊಬ್ಬ ಕೇಳಿದ. "ಮೈಲಿಗೊಮ್ಮೆ ಇಳಿಯಬೇಕು ಅಂತ ನೀನು ಹೇಳ್ಲಿಲ್ಲವಾ ಮಾರಾಯ?"

ಮುದುಕ ಬೆನ್ನು ನೆಟ್ಟಗೆ ಮಾಡಲಿಲ್ಲ. "ಇಲ್ಲ. ಮರ್ತೇ ಹೋಯ್ತು."

"ಮೂವತ್ತು ವರ್ಷ ಗಾಡಿ ಹೊಡೆದು ಇದು ಮರ್ತದ್ದಾ? ನಿನ್ನ ತಲೆಗೂ ಕಣ್ಣುಪಟ್ಟಿ ಕಟ್ಟಬೇಕು ಇನ್ನು." ಇಬ್ಬರೂ ನಕ್ಕರು. ಮುದುಕನೂ ನಕ್ಕ. ನಾನು ಜೀನು ಹೊತ್ತು ನಿಂತಿದ್ದೆ.

ಅವನು ಹೇಳಿದ್ದ. ಮೊದಲ ದಿನವೇ, ಜೀನಿನ ಪಟ್ಟಿ ಬಿಗಿಯುತ್ತ, "ಮೈಲಿಗೊಮ್ಮೆ ಇಳಿಯಿರಿ ಮಾಷ್ಟ್ರೇ, ಇಳಿದರೆ ಅದು ಉಸಿರು ಬಿಡ್ತದೆ," ಎಂದಿದ್ದ. ನಾನು ಅದನ್ನು ಮುದುಕರ ನಂಬಿಕೆಗಳ ಪಟ್ಟಿಗೆ ಸೇರಿಸಿ ಬಿಟ್ಟುಬಿಟ್ಟಿದ್ದೆ. ಹೀಗೆಂದು ನನ್ನ ನೆನಪು ಹೇಳುತ್ತದೆ. ಆದರೆ ಈ ನೆನಪು ಜಟ್ಕಾದವನ ಮಾತು ಕೇಳಿದ ಮೇಲೆ ಹುಟ್ಟಿದ್ದಿರಬಹುದು, ತಪ್ಪಿತಸ್ಥ ಮನಸ್ಸು ಸಾಕ್ಷಿಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಲವು ವರ್ಷ ನಾನು ಈ ವಾದದ ಹಿಂದೆ ನಿಂತುಕೊಂಡೆ. ಅದಕ್ಕೊಂದು ಉತ್ತರ ಉಂಟು. ಅವನು ಹೇಳಿದ್ದನೇ ಇಲ್ಲವೇ ಎಂಬ ಸಂಶಯ ಆ ರಾತ್ರಿ ನನಗಿರಲಿಲ್ಲ. ಸುಮ್ಮನೆ ನಿಂತಿದ್ದೆ, ಅಷ್ಟೆ. ಸಂಶಯ ಬಂದದ್ದು ಆಮೇಲೆ.

ಕುದುರೆ ಬದುಕಿತು. ನಾಲ್ಕು ದಿನ ಮೇವು ಮೂಸಲಿಲ್ಲ, ಐದನೆಯ ದಿನ ತಿಂದಿತು. ಇದನ್ನು ನನ್ನ ಕಿಟಕಿಯಿಂದ ನೋಡಿ ತಿಳಿದೆ, ಹಿತ್ತಲಿಗೆ ಇಳಿಯಲಿಲ್ಲ.

ಮುಂದಿನ ಭಾನುವಾರ ಮುದುಕ ಜೀನನ್ನು ಒರೆಸಿ ಗೋಡೆಯ ಮೇಲೆ ಇಟ್ಟಿದ್ದ. ನನ್ನ ಕಿಟಕಿಯತ್ತ ಮುಖ ಎತ್ತಿ ಕರೆದ. "ಬನ್ನಿ ಮಾಷ್ಟ್ರೇ. ಇವತ್ತು ಹತ್ತುವುದು ಬೇಡ. ಹಿಡ್ಕೊಂಡು ಹೊಳೆಯವರೆಗೆ ಹೋಗಿ ಬನ್ನಿ. ಅದು ನಿಮ್ಮನ್ನೇ ನೋಡ್ತಾ ಉಂಟು."

ನಾನು ಹೇಳಬೇಕಾದದ್ದು ಒಂದೇ ವಾಕ್ಯ. ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಕಿಟಕಿಯಿಂದಲೇ ಹೇಳಬಹುದಿತ್ತು.

"ಪೇಪರ್ ತಿದ್ದುವುದು ತುಂಬ ಉಂಟು," ಎಂದೆ.

"ಆಯ್ತು, ಆಯ್ತು. ಕೆಲಸ ಮಾಡಿ," ಎಂದು ಅವನು ಕುದುರೆಯ ಹಗ್ಗ ಬಿಚ್ಚಿ, ಊದಿದ ಕಾಲೆಳೆಯುತ್ತ, ತಾನೇ ಅದನ್ನು ಹೊಳೆಯ ಕಡೆಗೆ ನಡೆಸಿಕೊಂಡು ಹೋದ. ಕಾಲೇಜಿನಲ್ಲಿ ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ಮೇಜಿನ ಮೇಲೆ ಒಂದು ಹಾಳೆಯೂ ಇರಲಿಲ್ಲ.